ಸೂತಕವಿಲ್ಲದ ಅಡ್ಮಿನ್

ಎಲ್ಲಿದ್ದೀರಿ ಎಂದು ಯಾರಾದರೂ ಕೇಳಿದರೆ ಮಸ್ಕತ್ತಿನಲ್ಲಿ ಎನ್ನುತ್ತೇನೆ. ಅದು ಮುಕ್ಕಾಲು ಪಾಲು ಸುಳ್ಳು. ಮಲಗುವುದು, ಏಳುವುದು, ಶಾಲೆಗೆ ಹೋಗಿ ಮಕ್ಕಳಿಗೆ ಲೆಕ್ಕ ಹೇಳಿಕೊಡುವುದು, ನಮ್ಮ ಯಜಮಾನರ ಶರ್ಟಿಗೆ ಇಸ್ತ್ರಿ ಹಾಕುವುದು, ಇಷ್ಟೇ ನಾನು ಮಸ್ಕತ್ತಿನಲ್ಲಿ ಮಾಡುವ ಕೆಲಸ. ಮಿಕ್ಕ ಬದುಕನ್ನೆಲ್ಲ ಬದುಕುವುದು ಹಾಸನ ಜಿಲ್ಲೆಯಲ್ಲಿ, ಅದೂ ಫೋನಿನೊಳಗೆ ಕೂತು. ಹಾಸನದ ಅಣ್ಣನ ಬೀದಿಯಲ್ಲಿ ಇವತ್ತು ಕರೆಂಟ್ ಯಾವಾಗ ಹೋಗುತ್ತದೆ ಎನ್ನುವುದು ಅಲ್ಲಿರುವವರಿಗಿಂತ ಮೊದಲು ನನಗೆ ಗೊತ್ತು. "ಅತ್ತಿಗೆ, ಬೇಗ ಮೋಟರ್ ಹಾಕಿ ಟ್ಯಾಂಕ್ ತುಂಬಿಸಿಕೊಳ್ಳಿ" ಎಂದು ಅರಬ್ಬೀ ಸಮುದ್ರದ ಈಚೆ ದಡದಿಂದ ಕೂಗುತ್ತೇನೆ. ಅರಕಲಗೂಡಿನ ಚಿಕ್ಕಪ್ಪ ಡಾಕ್ಟರ ಕಣ್ಣು ತಪ್ಪಿಸಿ ಜಿಲೇಬಿ ತಿಂದದ್ದು, ಚನ್ನರಾಯಪಟ್ಟಣದಲ್ಲಿ ಚಿಕ್ಕಪ್ಪನ ಮಗಳ ಮನೆಯವರು ಹೊಸ ಸ್ಕೂಟರನ್ನು ನಿಂಬೆಹಣ್ಣಿನ ಮೇಲೆ ಹತ್ತಿಸಲು ಹೋಗಿ ಹೂವಿನ ಕುಂಡದ ಮೇಲೆ ಹತ್ತಿಸಿದ್ದು, ಯಾವುದೂ ನನ್ನ ಕಣ್ಣು ತಪ್ಪಿಲ್ಲ. ಆದರೆ ಇಲ್ಲಿ ನಮ್ಮ ಎದುರುಮನೆಯವರು ಮನೆ ಖಾಲಿ ಮಾಡಿಕೊಂಡು ಹೋದದ್ದು ನನಗೆ ಗೊತ್ತಾದದ್ದು, ಹೊಸದಾಗಿ ಬಂದವರು ಬೆಲ್ ಒತ್ತಿ ಸಕ್ಕರೆ ಕೇಳಿದಾಗ. ಹಳಬರೇ ಇರಬೇಕೆಂದುಕೊಂಡು "ಯಾಕೋ ಸೊರಗಿದ್ದೀರಿ" ಎಂದುಬಿಟ್ಟೆ. ಆಕೆಗೆ ಬಹಳ ಸಂತೋಷವಾಯಿತು.

ಅತ್ತಿಗೆ ಹಿದುಕಿದ ಬೇಳೆ ಸಾರಿನ ಫೋಟೋ ಹಾಕಿದರೆ ಒಗ್ಗರಣೆಯ ಚಟಪಟ ನಿಲ್ಲುವ ಮೊದಲೇ ನನ್ನ ಮಾತು ಅದರ ಕೆಳಗೆ ಬಿದ್ದಿರುತ್ತದೆ: "ಈ ಸಲದ ಅವರೆಕಾಯಿಯಲ್ಲಿ ಸೊಗಡು ಇದೆಯಾ?" ಸೊಗಡು ಇದ್ದರೂ ನನಗೆ ಸಂಕಟ, ಇಲ್ಲದಿದ್ದರೂ ಸಂಕಟ. ನಮ್ಮ ಯಜಮಾನರು ಇದನ್ನೆಲ್ಲ ನೋಡಿ, "ಅಷ್ಟೊಂದು ಚಿಂತೆ ಇದ್ದರೆ ಅಲ್ಲಿಗೇ ಹೋಗಿ ಬಿಡಿಸಿಕೊಟ್ಟು ಬಾ" ಎನ್ನುತ್ತಾರೆ. ಅವರಿಗೇನು, ಸಮುದ್ರದ ನೀರನ್ನು ಸಿಹಿ ಮಾಡುವ ಕಾರ್ಖಾನೆಯಲ್ಲಿ ಕೆಲಸ. ಉಪ್ಪು ತೆಗೆದು ತೆಗೆದು ಮಾತಿನಲ್ಲೂ ಉಪ್ಪಿಲ್ಲದ ಹಾಗಾಗಿದೆ.

ಇಷ್ಟೆಲ್ಲ ಬಲ್ಲವಳು ಊರಿಗೆ ಹೋದಾಗ ಏನಾಗಬೇಕು ಹೇಳಿ? ಏನೂ ಆಗುವುದಿಲ್ಲ. ನಾವು ಚಿಕ್ಕವರಿದ್ದಾಗ ಪರದೇಶದಿಂದ ಯಾರಾದರೂ ರಜಕ್ಕೆ ಬಂದರೆ ಬೀದಿಯವರೆಲ್ಲ ಬಂದು ಜಗಲಿಯಲ್ಲಿ ಕೂರುತ್ತಿದ್ದರು. ಅಲ್ಲಿ ಒಂಟೆ ಹೇಗೆ ಕೂರುತ್ತದೆ ಎನ್ನುವುದರಿಂದ ಹಿಡಿದು ಟೊಮ್ಯಾಟೊ ಬಣ್ಣದವರೆಗೆ ಕೇಳಿ ಕೇಳಿ ಬಾಯಿ ನೋಯಿಸುತ್ತಿದ್ದರು. ಈಗ ನಾನು ಆಟೋ ಇಳಿಯುವುದರೊಳಗೆ ಅತ್ತಿಗೆ, "ಈ ಸೀರೆ ಹೋದ ವಾರ ಉಟ್ಟಿದ್ದೆಯಲ್ಲ, ಸ್ಟೇಟಸ್ಸಲ್ಲಿ ಇನ್ನೂ ಚೆನ್ನಾಗಿ ಕಾಣ್ತಿತ್ತು ಕಣೇ" ಎನ್ನುತ್ತಾರೆ. ನಾನು ಕೂತು, "ಮೊನ್ನೆ ನಮ್ಮಲ್ಲಿ ಅದೆಂಥ ಮಳೆ ಅಂತೀರಿ" ಎಂದು ಬಾಯಿ ತೆರೆದರೆ, "ನೋಡಿದ್ವಿ ಬಿಡು, ಕಾರು ತೇಲ್ತಿತ್ತಲ್ಲ" ಎಂದು ಅಣ್ಣ ಮುಗಿಸುತ್ತಾನೆ. ಅವನು, "ನಮ್ಮ ಸಾಲಗಾಮೆ ರಸ್ತೆಯಲ್ಲಿ" ಎಂದು ಶುರು ಮಾಡಿದರೆ ನಾನು, "ಗೊತ್ತು, ಮರ ಬಿತ್ತಂತೆ" ಎನ್ನುತ್ತೇನೆ. ಆಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಟಿವಿ ಹಾಕುತ್ತೇವೆ. ಅಷ್ಟು ದೂರದಿಂದ ಬಂದವಳಿಗೆ ಹೇಳುವುದಕ್ಕೂ ಏನಿಲ್ಲ, ಕೇಳುವುದಕ್ಕೂ ಏನಿಲ್ಲ.

ನನ್ನ ಸುದ್ದಿ ಹೊಸದಾಗಿ ಕೇಳುತ್ತಿದ್ದವರು ಇಡೀ ವಂಶದಲ್ಲಿ ಒಬ್ಬರೇ, ಹೊಳೆನರಸೀಪುರದ ಸುಬ್ಬಣ್ಣ ತಾತ. ನಮ್ಮ ತಾತನ ದಾಯಾದಿ ತಮ್ಮ. ವಯಸ್ಸು ಎಷ್ಟೆಂದು ಅವರಿಗೂ ಗೊತ್ತಿರಲಿಲ್ಲ, ತೊಂಬತ್ತು ದಾಟಿದ ಮೇಲೆ ಎಣಿಸುವುದನ್ನು ಬಿಟ್ಟಿದ್ದರು. ಅವರಿಗೆ ಫೋನಿಲ್ಲ, ಕನ್ನಡಕ ಹಾಕಿದರೆ ಕಣ್ಣು ಕಾಣುವುದಿಲ್ಲ, ತೆಗೆದರೆ ಸ್ವಲ್ಪ ಕಾಣುತ್ತದೆ. ನಾನು ಹೋದ ತಕ್ಷಣ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡು, "ಈಗ ಹೇಳಮ್ಮ, ಅಲ್ಲಿ ನೀರಿಗೆ ಏನು ಮಾಡ್ತೀರಿ?" ಎನ್ನುತ್ತಿದ್ದರು. ಪ್ರತಿ ಸಲವೂ ಅದೇ ಪ್ರಶ್ನೆ, ಪ್ರತಿ ಸಲವೂ ನಾನು ಮೊದಲಿನಿಂದ ಹೇಳುತ್ತಿದ್ದೆ. ಸಮುದ್ರದ ನೀರನ್ನು ಸಿಹಿ ಮಾಡುತ್ತಾರೆ ಎಂದರೆ, "ನಿನ್ನ ಗಂಡ ಅಗಸ್ತ್ಯ ಆದ ಹಾಗಾಯ್ತು" ಎಂದು ಬೊಚ್ಚುಬಾಯಿ ಬಿಟ್ಟು ನಗುತ್ತಿದ್ದರು. ಅವರ ಮುಂದೆ ಕೂತರೆ ನಾನು ನಿಜವಾಗಿಯೂ ಎಲ್ಲಿಂದಲೋ ಬಂದವಳು ಅನ್ನಿಸುತ್ತಿತ್ತು.

ಇರಲಿ. ನಮ್ಮ ಮನೆತನಕ್ಕೊಂದು ಗ್ರೂಪಿದೆ. ಹೆಸರೂ 'ನಮ್ಮ ಮನೆತನ' ಎಂದೇ. ಅದರ ಅಡ್ಮಿನ್ ನಾನು. ಊರಿನಲ್ಲಿರುವವರಿಗೆ ಪುರುಸೊತ್ತಿಲ್ಲ, ನಿನಗಾದರೆ ಮಾಡುವುದಕ್ಕೆ ಕೆಲಸವಿಲ್ಲ ಎಂದು ಅಣ್ಣ ನನಗೆ ಪಟ್ಟ ಕಟ್ಟಿದ. ಈ ರಾಜ್ಯದಲ್ಲಿ ನನಗೊಬ್ಬ ಎದುರಾಳಿ ಇದ್ದಾನೆ, ಸುಬ್ಬಣ್ಣ ತಾತನ ಮೊಮ್ಮಗ ಶ್ರೀಧರ. ದನದ ಡಾಕ್ಟರಿಕೆ ಓದಿ ನ್ಯೂಜಿಲೆಂಡಿನಲ್ಲಿ ಹಾಲಿನ ಫಾರ್ಮೊಂದರಲ್ಲಿ ಇದ್ದಾನೆ. ಅವನ ಊರಲ್ಲಿ ಸೂರ್ಯ ಎಲ್ಲರಿಗಿಂತ ಮೊದಲು ಹುಟ್ಟುತ್ತಾನಂತೆ. ಹಾಗಾಗಿ ಹುಟ್ಟುಹಬ್ಬಕ್ಕೆ ಮೊದಲ ಶುಭಾಶಯ, ಯುಗಾದಿಗೆ ಮೊದಲ ಬೇವುಬೆಲ್ಲ, ಸಂಕ್ರಾಂತಿಗೆ ಮೊದಲ ಎಳ್ಳು, ಎಲ್ಲ ಅವನದೇ. ನಾನು ಅಲಾರಂ ಇಟ್ಟುಕೊಂಡು ಎದ್ದರೂ ಅವನು ಆಗಲೇ ಹಸುವಿನ ಪಕ್ಕ ನಿಂತು ಕೈ ಮುಗಿಯುವ ಫೋಟೋ ಹಾಕಿ ಮುಗಿಸಿರುತ್ತಾನೆ. ಊರಿನಲ್ಲಿ ಇರುವ ನಲವತ್ತು ಜನ ಮಧ್ಯಾಹ್ನದ ಮೇಲೆ ಎದ್ದುಬಂದು ಒಂದು ಹೆಬ್ಬೆರಳು ತೋರಿಸುತ್ತಾರೆ. ಹಬ್ಬ ಮಾಡಿದವರು ಅವರು, ಗಡಿಬಿಡಿ ನಮ್ಮಿಬ್ಬರದು.

ಮುಂದಿನ ಕಥೆ ತಿಳಿಯಬೇಕಾದರೆ ನಮ್ಮವರ ಸೂತಕದ ವಿಚಾರ ಸ್ವಲ್ಪ ಹೇಳಬೇಕು. ದಾಯಾದಿಗಳಲ್ಲಿ ಯಾರಾದರೂ ತೀರಿಕೊಂಡರೆ ಹತ್ತು ದಿನ ಮಂಗಳಕಾರ್ಯ ಮಾಡುವ ಹಾಗಿಲ್ಲ. ಆದರೆ ಶಾಸ್ತ್ರಕಾರರು ಕರುಣಾಳುಗಳು. ಸಾವಿನ ಸುದ್ದಿ ಕಿವಿಗೆ ಬಿದ್ದ ಮೇಲೆ ತಾನೇ ಸೂತಕ? ಬೀಳದಿದ್ದರೆ ಇಲ್ಲ. ಈ ಸಂದಿಯಲ್ಲಿ ನುಸುಳಿಯೇ ನಮ್ಮ ಎಷ್ಟೋ ಮದುವೆ ಮುಂಜಿಗಳು ನಡೆದಿರುವುದು. ನಮ್ಮ ತಾತನಂತೂ ಮನೆಯಲ್ಲಿ ಶುಭಕಾರ್ಯ ಹತ್ತಿರ ಬಂತೆಂದರೆ ಅರಕಲಗೂಡಿನ ಬಸ್ಸು ಬರುವ ಹೊತ್ತಿಗೆ ಬೀದಿಬಾಗಿಲು ಹಾಕಿಸುತ್ತಿದ್ದರು. ನೆಂಟರು ಯಾರಾದರೂ ಸಪ್ಪೆಮುಖ ಹೊತ್ತು ಬರುವುದು ಕಂಡರೆ, "ಏನೂ ಹೇಳಬೇಡ, ಮೊದಲು ಊಟ ಮಾಡು, ನಾಳಿದ್ದು ಮಾತಾಡೋಣ" ಎಂದು ದೂರದಿಂದಲೇ ಕೈ ಅಡ್ಡ ಹಿಡಿಯುತ್ತಿದ್ದರು. ಆ ನೆಂಟ ಪಾಪ ಹೊಟ್ಟೆ ಕೆಟ್ಟು ಸಪ್ಪಗಿದ್ದದ್ದು ಎಂದು ಆಮೇಲೆ ತಿಳಿಯುತ್ತಿತ್ತು. ಇನ್ನು ನಾನು ಮದುವೆಯಾಗಿ ಬೇರೆ ಗೋತ್ರಕ್ಕೆ ಹೋದವಳು, ತವರಿನ ದಾಯಾದಿಗಳ ಸೂತಕ ನನಗೆ ತಟ್ಟುವುದಿಲ್ಲ. ನಲವತ್ತು ಜನರ ಗ್ರೂಪಿನಲ್ಲಿ ಯಾರ ಸಾವನ್ನಾದರೂ ಯಾವಾಗ ಬೇಕಾದರೂ ಕೇಳಬಹುದಾದವರಲ್ಲಿ ನಾನೂ ಒಬ್ಬಳು.

ಈ ಬೇಸಿಗೆಯಲ್ಲಿ ಅಣ್ಣನ ಮಗನ ಮುಂಜಿ ಗೊತ್ತಾಯಿತು. ಹಾಸನದ ಒಂದು ಛತ್ರದಲ್ಲಿ, ಶುಕ್ರವಾರ. ಹುಡುಗನಿಗೆ ಗುರುಬಲ ನೋಡಿ ನೋಡಿ ಎರಡು ವರ್ಷ ಮುಂದಕ್ಕೆ ಹೋಗಿ ಸಿಕ್ಕಿದ ಮುಹೂರ್ತ, ಇದು ತಪ್ಪಿದರೆ ಛತ್ರವೂ ಇಲ್ಲ, ಅಣ್ಣನ ಆಫೀಸಿನಲ್ಲಿ ರಜವೂ ಇಲ್ಲ. ನನಗೋ ಶಾಲೆಯಲ್ಲಿ ಪರೀಕ್ಷೆ, ಹೋಗುವ ಹಾಗಿಲ್ಲ. ಇರುವುದು ಒಬ್ಬಳೇ ಸೋದರತ್ತೆ, ಅವಳೇ ಆರತಿ ಎತ್ತದಿದ್ದರೆ ಹೇಗೆ ಎಂದು ನಾನು ಫೋನಿನಲ್ಲಿ ಗೊಳೋ ಎಂದೆ. ಅಣ್ಣ, "ವರ್ಷಗಟ್ಟಲೆಯಿಂದ ಕಟ್ತಾನೇ ಇರೋ ನಮ್ಮ ಬೂವನಹಳ್ಳಿ ವಿಮಾನ ನಿಲ್ದಾಣ ಆಗ್ಲಿ ತಡಿ, ನೇರ ಛತ್ರದ ಮುಂದೇ ಇಳೀವಂತೆ" ಎಂದು ನಕ್ಕ. ಕೊನೆಗೆ ಅತ್ತಿಗೆಗೆ ಕರುಣೆ ಬಂದು ಒಂದು ದಾರಿ ಹುಡುಕಿದರು. ಆರತಿಯ ಹೊತ್ತಿಗೆ ಅವರು ವಿಡಿಯೋ ಕಾಲ್ ಎತ್ತುವುದು, ನಾನು ಮಸ್ಕತ್ತಿನಲ್ಲಿ ತಟ್ಟೆ ಹಿಡಿದು ಬೆಳಗುವುದು, ಹುಡುಗ ಹಾಸನದಲ್ಲಿ ತಲೆ ಬಗ್ಗಿಸುವುದು. ನಾನು ಹದಿನೈದು ದಿನ ಮೊದಲೇ ಹಾಡು ಅಭ್ಯಾಸ ಮಾಡತೊಡಗಿದೆ. ಹೊಸದಾಗಿ ಬಂದ ಎದುರುಮನೆಯಾಕೆ ಸಕ್ಕರೆ ಕೇಳುವುದನ್ನು ನಿಲ್ಲಿಸಿದಳು.

ಆ ಶುಕ್ರವಾರ ಕೋಳಿ ಕೂಗುವ ಹೊತ್ತಿಗೆ ಎದ್ದೆ. ಮಸ್ಕತ್ತಿನಲ್ಲಿ ಕೋಳಿ ಇಲ್ಲ, ನಾನೇ ಎದ್ದೆ. ತಲೆಗೆ ಸ್ನಾನ ಮಾಡಿ ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಸಿಗದೆ ಪ್ಲಾಸ್ಟಿಕ್ಕಿನದೇ ಮುಡಿದು, ಫೋನ್ ತೆಗೆದೆ. ಗ್ರೂಪಿನಲ್ಲಿ ಶ್ರೀಧರನ ಮೆಸೇಜು: "ಸುಬ್ಬಣ್ಣ ತಾತ ನಿನ್ನೆ ಸಂಜೆ ಹೋಗ್ಬಿಟ್ರು. ಓಂ ಶಾಂತಿ." ಮೊದಲು ನೆನಪಾದದ್ದು ತಾತನ ಬೊಚ್ಚುಬಾಯಿಯ ನಗು, ನಿಜವಾಗಿ ಹೇಳುತ್ತೇನೆ. ಆಮೇಲೆ ತಲೆ ಓಡಿತು. ಅಯ್ಯೋ ದೇವರೇ, ಮುಂಜಿ! ಹಾಸನದಲ್ಲಿ ಇನ್ನೂ ನಾಂದಿಯೂ ಆಗಿಲ್ಲ. ನಾಂದಿ ಒಂದು ಮುಗಿದರೆ ಮುಂಜಿ ಮಾಡುವವರಿಗೆ ಸೂತಕ ತಟ್ಟುವುದಿಲ್ಲ ಅನ್ನುತ್ತಾರೆ, ಆದರೂ ಚಿಕ್ಕಪ್ಪ ಮೊದಲಾಗಿ ಉಳಿದ ದಾಯಾದಿಗಳೆಲ್ಲ ಎಲೆ ಬಿಟ್ಟು ಎದ್ದು ಹೋಗಬೇಕು. ನಾಂದಿಗೆ ಮೊದಲೇ ಅಣ್ಣ ಇದನ್ನು ನೋಡಿದರೆ ಮುಂಜಿಯೇ ನಿಂತಿತು.

ಅಡ್ಮಿನ್ ಎಂದರೆ ಸುಮ್ಮನೆಯೇ? ಒತ್ತಿದೆ, ಮೆಸೇಜು ಅಳಿಸಿದೆ. ಅದರ ಜಾಗದಲ್ಲಿ 'ಈ ಮೆಸೇಜನ್ನು ಅಡ್ಮಿನ್ ಕುಮುದಾ ಅಳಿಸಿದ್ದಾರೆ' ಎಂದು ನನ್ನ ಹೆಸರು ಹಾಕಿಕೊಂಡು ಕೂತಿತು. ಇಂಥದನ್ನು ಕಂಡರೆ ನಮ್ಮ ವಂಶದವರು ಸುಮ್ಮನಿರುತ್ತಾರೆಯೇ? ಏನಿತ್ತು, ಏನಿತ್ತು ಎಂದು ನೆಲ ಅಗೆದು ನೋಡುವ ಜನ. ನಾನು ಇನ್ನೂ ಉಸಿರು ಬಿಟ್ಟಿರಲಿಲ್ಲ, ಶ್ರೀಧರ ಮತ್ತೆ ಹಾಕಿದ: "ಕುಮುದಕ್ಕ, ಯಾಕೆ ಅಳಿಸಿದೆ? ಸುದ್ದಿ ನಿಜ. ಸುಬ್ಬಣ್ಣ ತಾತ ಇನ್ನಿಲ್ಲ." ಅಳಿಸಿದೆ. "ನಮ್ಮ ತಾತ ಹೋದದ್ದು ನಿಮಗೆ ಲೆಕ್ಕಕ್ಕೇ ಇಲ್ವಾ?" ಅದನ್ನೂ ಅಳಿಸಿದೆ. ತಾತನ ಹಳೆಯ ಫೋಟೋ ಒಂದು ಬಂತು, ಜೊತೆಗೆ ದೀಪದ ಚಿತ್ರ. ಒಂದನ್ನು ಅಳಿಸುವುದರೊಳಗೆ ಇನ್ನೊಂದು. ದೋಸೆ ಹುಯ್ಯುವವರ ಮುಂದೆ ಕೂತು ತಿನ್ನುವವರ ಹಾಗೆ ಎಷ್ಟು ಹೊತ್ತು ತಡೆಯಲಿ? ಬೇರೆ ದಾರಿ ಕಾಣದೆ ಅವನನ್ನು ಗ್ರೂಪಿನಿಂದಲೇ ತೆಗೆದುಹಾಕಿದೆ. ತಾತ ಸತ್ತ ಮರುದಿನ ಮೊಮ್ಮಗನನ್ನು ಮನೆತನದಿಂದ ಹೊರಗೆ ಹಾಕಿದ ಪುಣ್ಯಾತಗಿತ್ತಿ ನಾನೇ ಇರಬೇಕು.

ತಕ್ಷಣ ಅವನ ಫೋನು. "ಕುಮುದಕ್ಕಾ, ನನ್ನನ್ನೇ ತೆಗೆದ್ಹಾಕಿಬಿಟ್ಯಾ?" ನಾನು ಮುಂಜಿಯ ವಿಷಯ ಹೇಳಿದೆ. ಅವನು, "ಥೂ ನನ್ನ! ಅಪ್ಪ ಹೇಳಿದ್ರು ಕಣಕ್ಕ, ಮುಂಜಿ ಊಟ ಆಗ್ಲಿ, ಮಧ್ಯಾಹ್ನದವರ್ಗೂ ಯಾರ್ಗೂ ಬಾಯಿ ಬಿಡಬೇಡ ಅಂತ. ನಾನು ಕಾದೆ. ಇಲ್ಲಿ ಮಧ್ಯಾಹ್ನ ಆಯ್ತಲ್ಲ" ಎಂದ. ನಾನು ತಲೆ ಚಚ್ಚಿಕೊಂಡೆ. ಪಾಪ, ಬೆಳಗಿನಿಂದ ಗಡಿಯಾರ ನೋಡಿಕೊಂಡು ನಾಲಿಗೆ ಕಚ್ಚಿ ಕೂತಿದ್ದಾನೆ, ತನ್ನ ಮಧ್ಯಾಹ್ನ ಆದ ತಕ್ಷಣ ಹಾಸನದಲ್ಲೂ ಊಟ ಮುಗಿಯಿತೆಂದು ಲೆಕ್ಕ ಹಾಕಿದ್ದಾನೆ. ಬೈಯಬೇಕೆಂದಿದ್ದೆ. ಅಷ್ಟರಲ್ಲಿ ಅವನು, "ಇಲ್ಲಿ ಯಾರಿಗೆ ಹೇಳ್ಲಿ ಅಕ್ಕಾ? ಸುಬ್ಬಣ್ಣ ತಾತ ಯಾರು ಅಂತಾನೇ ಯಾರಿಗೂ ಗೊತ್ತಿಲ್ಲ. ಕೊಟ್ಟಿಗೆಗೆ ಹೋಗಿ ಹಸುಗಳಿಗೆ ಹೇಳ್ದೆ. ಕನ್ನಡದಲ್ಲೇ ಹೇಳ್ದೆ" ಎಂದ. ನನಗೆ ನಗು ಬಂತು, ನಗುವಿನ ಜೊತೆಗೇ ಅಳುವೂ ಬಂತು. ಅವನೂ ಅತ್ತ, ಅವನ ಹಿಂದೆ ಒಂದು ಹಸು ಕೂಗಿತು. ಮಧ್ಯಾಹ್ನ, ನಮ್ಮ ಮಧ್ಯಾಹ್ನ, ನಾನೇ ನಿನ್ನನ್ನು ಮತ್ತೆ ಸೇರಿಸುತ್ತೇನೆ ಎಂದು ಸಮಾಧಾನ ಹೇಳಿ ಫೋನ್ ಇಟ್ಟೆ.

ಈಗ ಮುಖ್ಯ ಕೆಲಸ. ನಾನು ಅಳಿಸುವ ಮೊದಲೇ ಯಾರಾದರೂ ನೋಡಿಬಿಟ್ಟಿದ್ದರೆ? ಅವರು ಬಾಯಿ ಬಿಡುವ ಮೊದಲು ಹಿಡಿಯಬೇಕು. ಅಣ್ಣನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಮಡಿಯಲ್ಲಿರಬೇಕು. ಅತ್ತಿಗೆಗೆ ಮಾಡಿದೆ, ಎತ್ತಲಿಲ್ಲ. ಅರಕಲಗೂಡಿನ ಚಿಕ್ಕಪ್ಪ ಶೌಚದಲ್ಲಿದ್ದರೂ ಫೋನ್ ಎತ್ತುವವರು, ಅವರೂ ಎತ್ತಲಿಲ್ಲ. ಚನ್ನರಾಯಪಟ್ಟಣದ ಅವರ ಮಗಳು, ಅಳಿಯ, ಹೀಗೆ ಒಂದು ಕಡೆಯಿಂದ ಎಲ್ಲರಿಗೂ ಮಾಡುತ್ತಾ ಹೋದೆ. ಒಬ್ಬರೂ ಇಲ್ಲ. ಏನು ಹೇಳಬೇಕೆಂದೂ ನನಗೆ ಗೊತ್ತಿರಲಿಲ್ಲ ಅನ್ನಿ. "ಗ್ರೂಪ್ ನೋಡಬೇಡಿ" ಎಂದರೆ ನೋಡಿಯೇ ನೋಡುತ್ತಾರೆ, ಯಾಕೆ ಎಂದು ಕೇಳಿದರೆ ಹೇಳುವ ಹಾಗಿಲ್ಲ. ನಮ್ಮ ಯಜಮಾನರು ಎದ್ದು ಬಂದು, ರೇಷ್ಮೆ ಸೀರೆ ಉಟ್ಟು ಬೆವರುತ್ತಾ ನಿಂತ ನನ್ನನ್ನು ನೋಡಿ, "ಏನೇ, ಯಾರು ಹೋದ್ರು?" ಎಂದರು. "ಶ್! ಮೆಲ್ಲಗೆ!" ಎಂದು ಅವರ ಬಾಯಿ ಮುಚ್ಚಿದೆ. "ನನಗ್ಯಾವ ಸೂತಕವೇ?" ಎಂದು ಕೈ ಸರಿಸಿ ಕಾಫಿ ಮಾಡಿಕೊಳ್ಳಲು ಹೋದರು.

ನಾಂದಿಯ ಹೊತ್ತು ಮೀರಿತು. ನಡೆಯಿತೋ ನಿಂತಿತೋ ಗೊತ್ತಿಲ್ಲ. ಊರಿನ ಇರುವೆ ಹರಿದಾಡಿದರೂ ತಿಳಿಯುತ್ತಿದ್ದವಳಿಗೆ ಆವತ್ತು ಹಾಸನದಿಂದ ಒಂದು ಫೋಟೋ ಇಲ್ಲ, ಒಂದು ಸ್ಟೇಟಸ್ ಇಲ್ಲ. ಆರತಿ ತಟ್ಟೆಯಲ್ಲಿ ಬತ್ತಿ ಹಾಕಿಟ್ಟುಕೊಂಡು, ದೇವರೇ, ಮುಂಜಿ ಒಂದು ಸಾಂಗವಾಗಲಿ ಎಂದು ಹರಕೆ ಹೊರುತ್ತಾ ಅಣ್ಣನ ನಂಬರನ್ನೇ ಒತ್ತುತ್ತಿದ್ದೆ. ಕೊನೆಗೊಮ್ಮೆ ಯಾರೋ ಎತ್ತಿದರು.

"ಅಲೋ, ಯಾರವ್ವಾ ಅದು? ಒಂದೇ ಸಮ್ನೆ!"

"ನಾನು ಕುಮುದಾ. ನೀವ್ಯಾರು?"

"ಓ, ಕುಮುದಮ್ಮಾರಾ! ನಾನ್ ಕಣವ್ವ, ದುದ್ದದ ತಿಮ್ಮೇಗೌಡ. ಬಾಳೆಲೆ, ಹಾಲು ತಂದಿದ್ದೆ, ಉಗ್ರಾಣ್ದಲ್ಲಿ ಕುಂತಿವ್ನಿ. ಇಲ್ಲೊಂದ್ ಮಂಕ್ರಿ ತುಂಬ ಫೋನ್ ಮಡಗವ್ರೆ. ಒಂದ್ ಬಡ್ಕಳದು ನಿಂತ್ರೆ ಇನ್ನೊಂದ್ ಸುರು ಆಯ್ತದೆ, ಅದ್ ನಿಂತ್ರೆ ಮತ್ತೊಂದು. ಬೆಳಗ್ಗಿಂದ ನೋಡ್ತಾವ್ನಿ, ತಡೀನಾರ್ದೆ ಎತ್ಬುಟ್ಟೆ."

ನಮ್ಮ ಮನೆಗೆ ಮೊದಲಿನಿಂದಲೂ ಹಾಲು ಕೊಡುತ್ತಿದ್ದ ತಿಮ್ಮೇಗೌಡರು. ಅವರಿಗೆ ನಮ್ಮ ಸೂತಕವಿಲ್ಲ, ಆದರೂ ಎಚ್ಚರ ಬೇಕಲ್ಲ. "ಗೌಡ್ರೇ, ಮುಂಜಿ ನಡೀತಿದೆಯಾ? ಯಾರಿಗಾದರೂ ಏನಾದರೂ ಗೊತ್ತಾಯ್ತಾ?" ಎಂದು ಪಿಸುಗುಟ್ಟಿದೆ.

"ಏನ್ ಗೊತ್ತಾಗ್ಬೇಕಿತ್ತವ್ವ? ಸುಬ್ಬಣ್ಣಯ್ನೋರು ಓಗ್ಬುಟ್ರಲ್ಲ, ಅದಾ? ಅದ್ ಎಲ್ಲಾರ್ಗೂ ಗೊತ್ತು."

"ಎಲ್ಲರಿಗೂ?"

"ಊಂ ಕಣವ್ವ. ಒತ್ತಾರೇನೇ ಎಲ್ರೂ ಓದ್ಕಂಡವ್ರೆ. ನಿಮ್ಮಣ್ಣಾರು ತಲೆ ಮ್ಯಾಲೆ ಕೈ ಒತ್ಕಂಡ್ ಕುಂತ್ಬುಟ್ಟಿದ್ರು. ಆಮ್ಯಾಕೆ ಸಾಸ್ತ್ರಿಗಳು ಯೋಳುದ್ರು, ಕಣ್ಣಲ್ಲಿ ಓದುದ್ರೆ ಏನೂ ಇಲ್ಲ, ಬಾಯಲ್ಲಿ ಅಂದು ಕಿವೀಗ್ ಬಿದ್ರೇನೇ ಮೈಲ್ಗೆ ಅಂತ. ಕಾಗ್ದ ಬಂದ್ರೆ ಸೂತ್ಕ ಅಂತ ಪುಸ್ತಕ್ದಲ್ಲಿ ಅದೆ, ಫೋನು ಕಾಗ್ದ ಅಲ್ವಲ್ಲ ಅಂದ್ರು. ಅದ್ಕೇ ಯಾರೂ ಬಾಯ್ ಬುಡ್ತಿಲ್ಲ. ಜೋರಾಗ್ ನಡೀತಾದೆ."

"ಮತ್ತೆ ಫೋನ್ ಯಾಕೆ ಬುಟ್ಟಿಗೆ ಹಾಕಿದ್ದಾರೆ?"

"ಬ್ಯಾಸ್ರ ಮಾಡ್ಕಬ್ಯಾಡ ಕಣವ್ವ. ನಿಮ್ಮಣ್ಣಾರು ಅಂದ್ರು, ಮಸ್ಕತ್ತಿಂದ ನಮ್ ಕುಮುದ ಮಾಡೇ ಮಾಡ್ತಾಳೆ, ಎತ್ತುದ್ರೆ ಒಂದೇ ಉಸ್ರಿಗೆ ಅಂದ್ಬುಡ್ತಾಳೆ, ಎಲ್ರೂ ಫೋನ್ ತಂದ್ ಇಲ್ಲಾಕಿ ಅಂತ."

ನನಗೆ ಹೇಗಾಗಿರಬೇಡ! ಇವರ ಕಿವಿಗೆ ಬೀಳದ ಹಾಗೆ ಕಾಯುವುದಕ್ಕೆ ನಾನು ಬೆಳಗಿನಿಂದ ಬೆರಳು ಸವೆಸಿಕೊಂಡಿದ್ದೇನೆ, ಇವರು ನನ್ನಿಂದಲೇ ಕಿವಿ ಕಾಪಾಡಿಕೊಳ್ಳುತ್ತಿದ್ದಾರೆ. ಬಿಪಿ ಏರಿತು. ಆದರೂ ಮುಂಜಿ ನಡೆಯುತ್ತಿದೆಯಲ್ಲ ಎಂದು ಒಂದು ಕಡೆ ಹಾಲು ಕುಡಿದಷ್ಟು ಸಮಾಧಾನ. ಶಾಸ್ತ್ರಿಗಳ ತೀರ್ಪಿನ ಬಗ್ಗೆ ನಾನು ಏನೂ ಹೇಳುವುದಿಲ್ಲ. ಅಷ್ಟು ದೊಡ್ಡ ಅಡುಗೆ ಆಗಿರುವಾಗ ಯಾವ ಶಾಸ್ತ್ರಿಗಳಾದರೂ ಹಾಗೇ ಹೇಳುತ್ತಿದ್ದರು. "ಆರತಿ ಆಯ್ತಾ ಗೌಡ್ರೇ?" ಎಂದು ಕೇಳಿದೆ. "ಆಗೋಯ್ತಲ್ಲವ್ವ, ನಿಮ್ ಚಿಕ್ಕಪ್ಪಾರ ಮಗ್ಳು ಎತ್ತುದ್ರು" ಎಂದರು. ನಾನು ಮೂಗು ಎಳೆದುಕೊಂಡೆ. ಗೌಡರಿಗೆ ಅದು ಕೇಳಿಸಿರಬೇಕು. "ಅಳ್ಬ್ಯಾಡ ಸುಮ್ಕಿರು. ಈಡಿಯೋ ಮಾಡು, ಇಲ್ಲಿಂದ್ಲೇ ತೋರುಸ್ತೀನಿ" ಎಂದರು.

ವಿಡಿಯೋ ಮಾಡಿದೆ. ಮೊದಲು ಗೌಡರ ಗಡ್ಡ ಕಾಣಿಸಿತು, ಆಮೇಲೆ ಮೂಗಿನ ಒಳಗು, ಆಮೇಲೆ ತೆಂಗಿನಕಾಯಿಯ ರಾಶಿ. ಗೌಡರು ಉಗ್ರಾಣದ ಬಾಗಿಲು ಸ್ವಲ್ಪ ಸರಿಸಿ ಫೋನನ್ನು ಸಂದಿಗೆ ಹಿಡಿದರು. ದೂರದಲ್ಲಿ, ಬಹಳ ದೂರದಲ್ಲಿ, ಜನರ ತಲೆಗಳ ನಡುವೆ ಬೋಳಿಸಿದ ಒಂದು ಪುಟ್ಟ ತಲೆಯ ಹಿಂಭಾಗ. ನಮ್ಮ ಯಜಮಾನರು ಕಾಫಿ ಲೋಟ ಕೆಳಗಿಟ್ಟು ಫೋನ್ ಹಿಡಿದುಕೊಂಡರು. ನಾನು ಬತ್ತಿ ಹಚ್ಚಿ, ಕಣ್ಣೀರು ಒರೆಸಿಕೊಂಡು, ಹಾಡು ಶುರು ಮಾಡಿದೆ. "ಮೆತ್ಗೆ ಕಣವ್ವ, ಮೆತ್ಗೆ! ನಿನ್ ಗಂಟ್ಲು ಗುರ್ತು ಸಿಕ್ದ್ರೆ ಎಲ್ರೂ ಕಿವಿ ಮುಚ್ಕಂಡ್ ಓಡೋಯ್ತಾರೆ" ಎಂದು ಗೌಡರು ಗದರಿದರು. ಪಿಸುಮಾತಿನಲ್ಲಿ ಆರತಿ ಹಾಡು ಹೇಳಿದವರು ಯಾರಾದರೂ ಇದ್ದಾರೆಯೇ? ನಾನು ಹೇಳಿದೆ. ನಡುವೆ ಅಡುಗೆಯವರು ಬಂದು ಎರಡು ಕಾಯಿ ತೆಗೆದುಕೊಂಡು ಹೋದರು, ಅವರಿಗೂ ಆರತಿಯಾಯಿತು. ಹಾಡು ಮುಗಿದಾಗ ಗೌಡರು ತಾವೇ ಆ ಕಡೆಯಿಂದ ಫೋನಿಗೆ ಕೈ ಮುಗಿದರು. ಆಗ ಫೋನ್ ಕೆಳಗೆ ಬಿತ್ತು.

ಮಧ್ಯಾಹ್ನ ಅಣ್ಣನ ಫೋನ್ ಬಂತು. ಬೈಯಲು ಸಿದ್ಧವಾಗಿದ್ದೆ, ಅವನು ಬಿಡಲಿಲ್ಲ. "ಊಟ ಆಯ್ತು, ಎಲೆ ಎತ್ತಿದ್ದಾಯ್ತು, ತಾಂಬೂಲ ಕೊಟ್ಟಾಯ್ತು. ಎಲ್ಲರೂ ಇಲ್ಲೇ ಹಿತ್ತಲಲ್ಲಿ ಸೇರಿದ್ದೀವಿ. ಸ್ಪೀಕರ್ ಹಾಕಿದ್ದೀನಿ. ಈಗ ಹೇಳು."

"ಏನು ಹೇಳಲಿ?"

"ಏನು ಅಂದ್ರೆ? ಅದೇ. ಸೂತಕ ಇಲ್ಲದವರ ಬಾಯಲ್ಲೇ ಬರ್ಲಿ ಅಂದ್ರು ಶಾಸ್ತ್ರಿಗಳು. ಒಂದೇ ಸಲ ಎಲ್ಲರ ಕಿವಿಗೂ ಬಿದ್ರೆ ಒಟ್ಟಿಗೇ ಸ್ನಾನ ಮಾಡ್ಬಹುದು. ಬೇಗ, ನೀರು ಕಾದಿದೆ."

ಹಿಂದಿನಿಂದ ಚಿಕ್ಕಪ್ಪ ಏನೂ ಅರಿಯದ ಮಗುವಿನ ಧ್ವನಿಯಲ್ಲಿ, "ಏನಮ್ಮಾ ಕುಮುದಾ, ಏನೋ ಸುದ್ದಿ ಇದೆಯಂತಲ್ಲ?" ಎಂದರು. ಅತ್ತಿಗೆ, "ಏನಾಯ್ತೇ? ಎಲ್ಲ ಕ್ಷೇಮ ತಾನೇ?" ಎಂದು ಗಾಬರಿ ನಟಿಸಿದರು. ಯಾರೋ ಕಿಸಕ್ಕೆಂದರು, ಯಾರೋ ಅವರಿಗೆ ತಿವಿದರು. ಸುಬ್ಬಣ್ಣ ತಾತನ ಮನೆಯಿಂದ ಒಬ್ಬರೂ ಮುಂಜಿಗೆ ಯಾಕೆ ಬರಲಿಲ್ಲ ಎಂದು ಬೆಳಗಿನಿಂದ ಒಬ್ಬರೂ ಒಬ್ಬರನ್ನು ಕೇಳಿಲ್ಲದ ಜನ ಇವರು. ಇಷ್ಟು ವರ್ಷಗಳಲ್ಲಿ ನಾನು ಏನು ಹೇಳಹೊರಟರೂ "ಗೊತ್ತು ಬಿಡು" ಎಂದವರು, ಈವತ್ತು ಗೊತ್ತಿದ್ದೂ ಕೈಕಟ್ಟಿ ನನ್ನ ಬಾಯಿ ಕಾಯುತ್ತಿದ್ದಾರೆ. ಇಂಥ ಗಳಿಗೆ ಮತ್ತೆ ಬರುವುದುಂಟೇ? ಗಂಟಲು ಸರಿಮಾಡಿಕೊಂಡು ಗಂಭೀರವಾಗಿ ಶುರು ಮಾಡಿದೆ. "ನಮ್ಮ ಹೊಳೆನರಸೀಪುರದ ಸುಬ್ಬಣ್ಣ ತಾತ..." ಅಷ್ಟು ಹೇಳುವುದರಲ್ಲಿ, ಇನ್ನು ಮುಂದೆ ಊರಿಗೆ ಹೋದರೆ ಅಲ್ಲಿ ನೀರಿಗೆ ಏನು ಮಾಡುತ್ತೀರಿ ಎಂದು ಯಾರೂ ಕೇಳುವುದಿಲ್ಲ ಎಂದು ಹೊಳೆಯಿತು. ಕಣ್ಣು ಒರೆಸಿಕೊಂಡೆ. ಹೇಗೋ, "ಹೋಗ್ಬಿಟ್ರು" ಎಂದೆ.

ಎಲ್ಲರಿಗೂ ಬೆಳಗಿನಿಂದ ಗೊತ್ತಿದ್ದ ಸುದ್ದಿ, ಆದರೂ ಬಾಯಿಂದ ಬಂದಾಗ ಬೇರೆಯೇ. ಚಿಕ್ಕಪ್ಪ, "ಅಯ್ಯೋ, ಹೋದ್ರಾ" ಎಂದರು. ಈ ಸಲ ಅದು ನಟನೆಯಾಗಿರಲಿಲ್ಲ. ಆಮೇಲೆ ಅಣ್ಣ, "ಸರಿ, ನಡೀರಿ" ಎಂದ. ಬಕೆಟ್ಟುಗಳ ಸದ್ದು ಎದ್ದಿತು. ನಾನು ಶ್ರೀಧರನನ್ನು ಗ್ರೂಪಿಗೆ ಮತ್ತೆ ಸೇರಿಸಿ, ಅವನ ಅದೇ ಸುದ್ದಿಯನ್ನು ಮತ್ತೆ ಹಾಕುವಂತೆ ಬರೆದೆ. ಮೊದಲು ಅವನೇ ಹಾಕಲಿ ಎಂದು ನಾನು ಕಾದೆ, ಅದು ನನ್ನ ಜೀವಮಾನದಲ್ಲಿ ಮೊದಲ ಸಲ.

ಆಮೇಲೆ ನೋಡಿದರೆ ಅಣ್ಣ ಫೋನ್ ಕತ್ತರಿಸುವುದನ್ನೇ ಮರೆತಿದ್ದಾನೆ, ಎಲ್ಲೋ ಕಟ್ಟೆಯ ಮೇಲೆ ಇಟ್ಟು ಹೋಗಿದ್ದಾನೆ. ನಾನು ಕತ್ತರಿಸಬಹುದಿತ್ತು. ಕತ್ತರಿಸಲಿಲ್ಲ. ತಲೆಯ ಮೇಲೆ ನೀರು ಸುರಿದುಕೊಳ್ಳುವ ಸದ್ದು, "ಲೋ, ತಣ್ಣೀರು ಬೆರೆಸ್ಕೊಳ್ಳೋ" ಎನ್ನುವ ಕೂಗು, ಒಬ್ಬರ ಟವಲನ್ನು ಇನ್ನೊಬ್ಬರು ಹೊತ್ತುಕೊಂಡು ಹೋದ ಜಗಳ, ತಾತ ಒಮ್ಮೆ ಹೊಳೆಯಲ್ಲಿ ಪಂಚೆ ಬಿಟ್ಟುಕೊಂಡು ಬಂದ ಕಥೆ, ನಗು. ಯಾರೂ ನನಗಾಗಿ ಹೇಳುತ್ತಿರಲಿಲ್ಲ, ಯಾರೂ ನನಗೆ ತೋರಿಸುತ್ತಿರಲಿಲ್ಲ. ಯಾವ ಸ್ಟೇಟಸ್ಸಿನಲ್ಲೂ ಸಿಗದಷ್ಟು ಸುಖವಾಗಿತ್ತು. ಸೋಫಾದ ಮೇಲೆ ಕಾಲು ಮಡಚಿಕೊಂಡು ಕೂತು ಕೇಳುತ್ತಲೇ ಇದ್ದೆ.

ಅಷ್ಟರಲ್ಲಿ ಅತ್ತಿಗೆಯ ಧ್ವನಿ ಹತ್ತಿರದಲ್ಲೇ ಕೇಳಿಸಿತು. "ಪಾಪ, ಕುಮುದಾ ಅತ್ತುಬಿಟ್ಲು ಕಣ್ರೀ. ಧ್ವನಿ ನೋಡಿದ್ರಾ?"

"ಅವಳಾ?" ಎಂದ ಅಣ್ಣ, ತಲೆ ಒರೆಸಿಕೊಳ್ಳುತ್ತಿದ್ದ ಹಾಗಿತ್ತು. "ಅಳುವೂ ನಿಜ ಕಣೇ. ಆದ್ರೆ ನಲವತ್ತು ಜನ ನಿಂತು ಅವಳ ಮಾತು ಕೇಳಿದ್ರಲ್ಲ, ಅದರ ಖುಷಿ ಇನ್ನೂ ನಿಜ. ಒಳಗೊಳಗೇ ಹಿಗ್ಗಿರ್ತಾಳೆ ಬಿಡು."

ನನಗೆ ಮೈಯೆಲ್ಲ ಉರಿದುಹೋಯಿತು. ನಾನೇನು ಸಾವಿನ ಮನೆಯಲ್ಲಿ ಹಿಗ್ಗುವವಳೇ? ನನ್ನ ದುಃಖ ಇವನಿಗೇನು ಗೊತ್ತು? ಬಾಯಿ ತೆರೆದೆ, ಬೈದೇಬಿಡೋಣವೆಂದು. ಬೈದರೆ ಇಷ್ಟು ಹೊತ್ತೂ ಕದ್ದು ಕೇಳುತ್ತಿದ್ದೆ ಎಂದು ಗೊತ್ತಾಗಿ ಅವನು ಫೋನ್ ಕತ್ತರಿಸುತ್ತಾನೆ. ಬಾಯಿ ಮುಚ್ಚಿಕೊಂಡೆ. ಒಳಗಿನಿಂದ ಬಂದ ನಮ್ಮ ಯಜಮಾನರು, "ಯಾರೇ ಫೋನಲ್ಲಿ? ಅಷ್ಟೊಂದು ನಗ್ತಾ ಕೂತಿದ್ದೀಯಲ್ಲ" ಎಂದರು.